ಭೂಕಂಪ ಬಂದಾಗ ಹಳ್ಳದ ಎರಡು ದಂಡೆ ಒಂದಕ್ಕೊಂದು ಎಷ್ಟು ಸರಿಯುತ್ತವೆ? 120 ಮೀಟರ್ ಪೈಪಿಗೆ ಲೆಕ್ಕ ಬೇಕಿತ್ತು

ಮಂಡ್ಯಡ್ರಾಯಿಂಗ್:
ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರ ಕುಡಿಯುವ ನೀರಿನ ಉಕ್ಕಿನ ಪೈಪ್ ಒಂದು ಹಳ್ಳ ದಾಟಬೇಕು. ದಂಡೆಯಿಂದ ದಂಡೆಗೆ 120 ಮೀಟರ್, ನಡುವೆ ಮೂರು ಪಿಯರ್ (ಕಂಬ). ಅಂದರೆ 30 ಮೀಟರಿನ ನಾಲ್ಕು ಅಂಕಣ. ಮೈಸೂರು ಕಡೆಯ ದಂಡೆ ಗಟ್ಟಿ ಬಂಡೆ. ಈ ಕಡೆಯ ಎಡದಂಡೆ ಹೂಳು, ಮೊದಲು ಗದ್ದೆ ಇತ್ತು. ಡ್ರಾಯಿಂಗ್ ಪರಿಶೀಲಿಸುವವರು ಒಂದು ಪ್ರಶ್ನೆ ಬರೆದು ವಾಪಸ್ ಕಳಿಸಿದ್ದಾರೆ: ಭೂಕಂಪದಲ್ಲಿ ಆಧಾರಗಳ ನಡುವೆ ನೆಲದ ಸಾಪೇಕ್ಷ ಚಲನೆ ಎಷ್ಟು ಹಿಡಿದಿದ್ದೀರಿ?

ಒಂದೇ ಭೂಕಂಪವನ್ನು ಅಳೆದ ಎರಡು ಸ್ಟೇಷನ್ನಿನ ರೆಕಾರ್ಡ್ ಇಳಿಸಿಕೊಂಡೆ. ಬಂಡೆ ಮೇಲಿನ ಸ್ಟೇಷನ್ನಿನಲ್ಲಿ ನೆಲ ಗರಿಷ್ಠ 18 ಮಿ.ಮೀ. ಸರಿದಿದೆ, ಮಣ್ಣಿನ ಮೇಲಿನದರಲ್ಲಿ 24. ಕಳೆದರೆ 6 ಮಿ.ಮೀ. ಇದನ್ನೇ ಬರೆದು ಕಳಿಸಲಾ? ನಮ್ಮದು ಭೂಕಂಪದ ಅಪಾಯ ಕಮ್ಮಿ ಇರುವ ವಲಯ 2, ಜಾಸ್ತಿ ತಲೆ ಕೆಡಿಸಿಕೊಳ್ಳೋದು ಬೇಡ ಅಂತ ಆಫೀಸಿನಲ್ಲಿ ಹೇಳ್ತಿದ್ದಾರೆ.

ಹಳೇಸೇತುವೆ:
ಕಳಿಸಬೇಡಿ. ಗರಿಷ್ಠದಲ್ಲಿ ಗರಿಷ್ಠ ಕಳೆಯುವ ಹಾಗಿಲ್ಲ. ಬಂಡೆ 18 ಮಿ.ಮೀ. ಪೂರ್ವಕ್ಕೆ ಹೋದ ಕ್ಷಣದಲ್ಲೇ ಮಣ್ಣು 24 ಮಿ.ಮೀ. ಪಶ್ಚಿಮಕ್ಕೆ ಹೋಗಿದ್ದರೆ? ವ್ಯತ್ಯಾಸ 42. ಎರಡೂ ಒಟ್ಟಿಗೇ ಪೂರ್ವಕ್ಕೆ ಹೋಗಿದ್ದರೆ 6. ನಿಮ್ಮ ಉತ್ತರ ಈ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಪ್ರತಿ ಕ್ಷಣಕ್ಕೂ ಒಂದರಲ್ಲಿ ಇನ್ನೊಂದು ಕಳೆದು, ಆಮೇಲೆ ಆ ವ್ಯತ್ಯಾಸದ ಗರಿಷ್ಠ ಹುಡುಕಬೇಕು.

ಇನ್ನೊಂದು ಮಾತು. ಆ ಎರಡು ಸ್ಟೇಷನ್ ನಡುವೆ ಎಷ್ಟು ದೂರ? ಹತ್ತು ಕಿಲೋಮೀಟರ್ ಇದ್ದರೆ 120 ಮೀಟರಿಗೆ ಅದು ಏನನ್ನೂ ಹೇಳಲ್ಲ.

ಮಂಡ್ಯಡ್ರಾಯಿಂಗ್:
ದೂರ 14 ಕಿ.ಮೀ. ಸಾರ್. ಪಕ್ಕಪಕ್ಕದ ಎರಡು ಸ್ಟೇಷನ್ ಎಲ್ಲೂ ಸಿಗಲಿಲ್ಲ.

ಗೌಡ್ರಮನೆಹುಡುಗಿ:
ಪಕ್ಕಪಕ್ಕದ ಸ್ಟೇಷನ್ ಬೇಕು ಅಂತಲೇ 1980ರಲ್ಲಿ ತೈವಾನಿನ ಲೋಟುಂಗ್‌ನಲ್ಲಿ ಸ್ಮಾರ್ಟ್-1 ಅನ್ನೋ ಉಪಕರಣಗಳ ವ್ಯೂಹ ಹಾಕಿದ್ದು. ನಡುವೆ ಒಂದು, ಸುತ್ತ 200 ಮೀಟರ್, 1 ಕಿ.ಮೀ., 2 ಕಿ.ಮೀ. ತ್ರಿಜ್ಯದ ಮೂರು ವೃತ್ತದಲ್ಲಿ 12ರಂತೆ, ಒಟ್ಟು 37 ಉಪಕರಣ. ಎರಡು ಜಾಗದ ಅಲುಗಾಟ ಎಷ್ಟರ ಮಟ್ಟಿಗೆ ಹೋಲುತ್ತೆ ಅಂತ ಇವತ್ತು ನಾವು ಬಳಸುವ ಸೂತ್ರಗಳಲ್ಲಿ ಬಹಳಷ್ಟಕ್ಕೆ ಅಲ್ಲಿನ ದಾಖಲೆಗಳೇ ಆಧಾರ.

ವ್ಯತ್ಯಾಸ ಬರೋದಕ್ಕೆ ಮುಖ್ಯವಾಗಿ ಮೂರು ಕಾರಣ. ಅಲೆ ಒಂದು ಜಾಗ ಮುಟ್ಟಿ ಇನ್ನೊಂದನ್ನು ಮುಟ್ಟೋದಕ್ಕೆ ಹೊತ್ತು ಬೇಕು. ದಾರಿಯಲ್ಲಿ ಬಂಡೆ, ಬಿರುಕುಗಳಲ್ಲಿ ಚದುರಿ ಅಲೆಯ ಆಕಾರವೇ ಸ್ವಲ್ಪ ಕೆಡುತ್ತೆ. ಮೂರನೆಯದು ಕಾಲಡಿಯ ಮಣ್ಣು. ನಿಮ್ಮ ಸೈಟಿನಲ್ಲಿ ಮೊದಲೆರಡು ಚಿಕ್ಕವು, ಮೂರನೆಯದೇ ದೊಡ್ಡದು ಅಂತ ನನಗನಿಸುತ್ತೆ.

ಸಿಗ್ನಲ್‌ಸುಬ್ಬು:
ನಾನು ಮೈಸೂರಿನಲ್ಲಿ ಉಪಕರಣದ ಕೆಲಸದವನು, ಸಿವಿಲ್ ಅಲ್ಲ. ಆದರೂ ಒಂದು ಎಚ್ಚರಿಕೆ. ಆ ರೆಕಾರ್ಡ್‌ಗಳು ವೇಗೋತ್ಕರ್ಷದವು ತಾನೆ? ಅದನ್ನು ಎರಡು ಸಲ ಇಂಟಿಗ್ರೇಟ್ ಮಾಡಿದರೆ, ಅಂದರೆ ಕ್ಷಣಕ್ಷಣದ್ದನ್ನು ಕೂಡಿಸುತ್ತಾ ಹೋದರೆ, ಸ್ಥಾನ ಬರುತ್ತೆ. ಶೂನ್ಯ ಗೆರೆ ಒಂದು ಚೂರು ಮೇಲೆ ಕೂತಿದ್ದರೂ ಕೆಲಸ ಕೆಟ್ಟಿತು. ಗುರುತ್ವದ ಸಾವಿರದಲ್ಲೊಂದು ಪಾಲು ತಪ್ಪಿದ್ದರೆ 30 ಸೆಕೆಂಡಿಗೆ ಸುಮಾರು 4.4 ಮೀಟರ್ ಸರಿದಂತೆ ತೋರಿಸುತ್ತೆ. ಮಿಲಿಮೀಟರ್ ಅಲ್ಲ ಸ್ವಾಮಿ, ಮೀಟರ್!

ಅದಕ್ಕೇ ಎಲ್ಲರೂ ಫಿಲ್ಟರ್ ಹಾಕ್ತಾರೆ. ನಿಧಾನವಾದ ಅಲೆಗಳನ್ನು ತೆಗೆದು ಬಿಸಾಕಿದರೆ ಗೆರೆ ನೆಟ್ಟಗಾಗುತ್ತೆ. ಆದರೆ ನೆಲ ಶಾಶ್ವತವಾಗಿ ಸರಿದಿದ್ದರೆ ಅದೂ ಅದರ ಜೊತೆ ಹೋಯಿತು. ಎರಡು ಸ್ಟೇಷನ್ನಿಗೂ ಒಂದೇ ಫಿಲ್ಟರ್ ಹಾಕಿದ್ದಾರಾ ನೋಡಿ. ಬೇರೆ ಬೇರೆ ಹಾಕಿದ್ದರೆ ನೀವು ಕಳೆಯುತ್ತಿರುವುದು ನೆಲವನ್ನಲ್ಲ, ಫಿಲ್ಟರನ್ನು.

ಗಡಿಯಾರದ ಕಥೆ ಇನ್ನೊಂದು. ನೆಲ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಹೋಗ್ತಿರುವಾಗ ಎರಡು ಉಪಕರಣದ ಗಡಿಯಾರ 0.05 ಸೆಕೆಂಡ್ ಹೊಂದದೆ ಇದ್ದರೆ, ಇಲ್ಲದ 5 ಮಿ.ಮೀ. ವ್ಯತ್ಯಾಸ ಹುಟ್ಟಿಕೊಳ್ಳುತ್ತೆ. ನೀವು ಹುಡುಕುತ್ತಿರುವ ಅಂಕಿಯೇ ಅಷ್ಟು! ಜಿಪಿಎಸ್ ಗಡಿಯಾರ ಇಲ್ಲದ ಜೋಡಿ ರೆಕಾರ್ಡನ್ನು ನಾನಂತೂ ಮುಟ್ಟಲ್ಲ.

ಪಾಂಡವಪುರಪ್ಯಾಸೆಂಜರ್:
ಹಂಗಾದ್ರೆ ಎರಡು ಮೊಬೈಲ್ ಎರಡು ದಂಡೆ ಮೇಲಿಟ್ಟು ಅಳೀಬಹುದು ಅಂತ ಯೂಟ್ಯೂಬಿನಲ್ಲಿ ಹೇಳಿದ್ದು?

ಸಿಗ್ನಲ್‌ಸುಬ್ಬು:
ಎಷ್ಟು ಜೋರಾಗಿ ನಡುಗಿತು ಅಂತ ತಿಳಿಯೋಕೆ ಮೊಬೈಲ್ ಪರವಾಗಿಲ್ಲ. ಎರಡರ ನಡುವಿನ ಮಿ.ಮೀ. ಕೇಳಿದರೆ ಸುಮ್ನೆ ಅಂಕಿ ಕೊಡುತ್ತೆ ಅಷ್ಟೆ. ನೇರವಾಗಿ ಸ್ಥಾನ ಬೇಕಾದರೆ ಸ್ಥಿರವಾದ ಜಿಪಿಎಸ್ ಸ್ಟೇಷನ್ ಬೇಕು. 2011ರ ಜಪಾನ್ ಭೂಕಂಪದಲ್ಲಿ ಓಶಿಕಾ ಸ್ಟೇಷನ್ 5.3 ಮೀಟರ್ ಪೂರ್ವ-ಆಗ್ನೇಯಕ್ಕೆ ಸರಿದು 1.2 ಮೀಟರ್ ಕುಸಿದಿದ್ದು ಗೊತ್ತಾಗಿದ್ದು ಹಾಗೆ. ಅಂಥ ಶಾಶ್ವತ ಸರಿತವನ್ನು ಫಿಲ್ಟರ್ ಹಾಕಿದ ರೆಕಾರ್ಡಿನಲ್ಲಿ ಹುಡುಕಿದರೆ ಸಿಗಲ್ಲ.

ಹಳೇಸೇತುವೆ:
ಸುಬ್ಬು ಹೇಳಿದ್ದು ಸರಿ. ಮಂಡ್ಯದವರೇ, ನಿಮಗೆ ರೆಕಾರ್ಡ್ ಸಹವಾಸವೇ ಬೇಡ. ಕೈ ಲೆಕ್ಕದಲ್ಲಿ ಮೊದಲು ಅಂದಾಜು ಮಾಡಿ.

ದಸರಾ ಮೆರವಣಿಗೆಯಲ್ಲಿ ಮುಂದಿನ ತಂಡ ನಿಂತರೆ ಹಿಂದಿನವರಿಗೆ ಗೊತ್ತಾಗೋದು ಸ್ವಲ್ಪ ತಡವಾಗಿ, ಆ ಹೊತ್ತಿಗೆ ಅವರು ಎರಡು ಹೆಜ್ಜೆ ಮುಂದೆ ಬಂದು ನಡುವೆ ಜಾಗ ಕಮ್ಮಿಯಾಗಿರುತ್ತೆ. ನೆಲದ್ದೂ ಹಾಗೇ. ಅಲೆ ತಲುಪೋದು ಎಷ್ಟು ತಡ, ಆ ತಡದಲ್ಲಿ ನೆಲ ಎಷ್ಟು ಸರಿಯುತ್ತೆ, ಅದೇ ವ್ಯತ್ಯಾಸ. ಅಮೆರಿಕದ ಎಂಜಿನಿಯರ್ ನ್ಯೂಮಾರ್ಕ್ 1967ರಲ್ಲಿ ಇದನ್ನು ಒಂದು ಸಾಲಿಗೆ ಇಳಿಸಿದರು: ನೆಲದ ಗರಿಷ್ಠ ವೇಗವನ್ನು ಅಲೆಯ ವೇಗದಿಂದ ಭಾಗಿಸಿದರೆ ಪ್ರತಿ ಮೀಟರಿಗೆ ನೆಲ ಎಷ್ಟು ಹಿಗ್ಗುತ್ತೆ ಅಥವಾ ಕುಗ್ಗುತ್ತೆ ಅಂತ ಸಿಗುತ್ತೆ.

ನೆಲದ ವೇಗ ಸೆಕೆಂಡಿಗೆ 10 ಸೆಂ.ಮೀ., ಅಲೆಯ ವೇಗ ಸೆಕೆಂಡಿಗೆ 2 ಕಿ.ಮೀ. ಅಂತಿಟ್ಟುಕೊಳ್ಳಿ. ಮೀಟರಿಗೆ 0.05 ಮಿ.ಮೀ. 30 ಮೀಟರ್ ಅಂಕಣಕ್ಕೆ ಒಂದೂವರೆ ಮಿ.ಮೀ., 120 ಮೀಟರಿಗೆ 6 ಮಿ.ಮೀ.

ಮಂಡ್ಯಡ್ರಾಯಿಂಗ್:
ಅಲ್ಲಿಗೆ ನನ್ನ 6 ಮಿ.ಮೀ.ಗೇ ಬಂತಲ್ಲ ಸಾರ್!

ಹಳೇಸೇತುವೆ:
ಅಂಕಿ ಒಂದೇ, ದಾರಿ ಬೇರೆ. ನನ್ನ 6ರಲ್ಲಿ ಎರಡು ದಂಡೆಗೂ ಒಂದೇ ನೆಲ ಅಂತ ಹಿಡಿದಿದ್ದೇನೆ. ನಿಮ್ಮ ಸೈಟ್ ಹಾಗಿಲ್ಲ.

ಕೆ‌ಆರ್‌ಮೊಹಲ್ಲಾ:
ಒಂದು ನಿಮಿಷ. ಹೂಳಿನಲ್ಲಿ ಅಡ್ಡ ಅಲೆಯ (ಶಿಯರ್ ವೇವ್) ವೇಗ ಸೆಕೆಂಡಿಗೆ 200 ಮೀಟರ್ ಇರಬಹುದು, 2 ಕಿ.ಮೀ. ಎಲ್ಲಿಂದ ಬಂತು? 200 ಹಾಕಿದರೆ 120 ಮೀಟರಿಗೆ 60 ಮಿ.ಮೀ. ಆಗುತ್ತೆ. ಹತ್ತು ಪಟ್ಟು ಕಮ್ಮಿ ತೋರಿಸ್ತಿದ್ದೀರಿ.

ಗೌಡ್ರಮನೆಹುಡುಗಿ:
ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲೂ ಪ್ರತಿ ಸಲ ಬರುತ್ತೆ. 200 ಮೀಟರ್ ಅನ್ನೋದು ಅಲೆ ಹೂಳಿನೊಳಗೆ ಕೆಳಗಿನಿಂದ ಮೇಲಕ್ಕೆ ಏರುವ ವೇಗ. ನಮಗೆ ಬೇಕಿರೋದು ನೆಲದ ಮೇಲ್ಮೈಯಲ್ಲಿ ಈ ದಂಡೆಯಿಂದ ಆ ದಂಡೆಗೆ ಓಡಿದಂತೆ ಕಾಣುವ ವೇಗ. ಅಲೆ ಆಳದ ಬಂಡೆಯಿಂದ ಹೆಚ್ಚುಕಮ್ಮಿ ನೇರ ಮೇಲಕ್ಕೆ ಬರುತ್ತೆ. ಎರಡು ದಂಡೆಯ ಅಡಿಗೂ ಬಹುತೇಕ ಒಟ್ಟಿಗೇ ತಲುಪುತ್ತೆ. ಹಾಗಾಗಿ ಅಡ್ಡಕ್ಕೆ ಓಡಿದಂತೆ ಕಾಣುವ ವೇಗ ಆಳದ ಬಂಡೆಯ ವೇಗಕ್ಕಿಂತ ಕಮ್ಮಿ ಇರಲ್ಲ, ಇನ್ನೂ ಜಾಸ್ತಿಯೇ ಇರುತ್ತೆ. ನಮ್ಮ ಮೈಸೂರು-ಮಂಡ್ಯದ ಕೆಳಗಿರೋದು ಗಟ್ಟಿ ನೈಸ್ ಶಿಲೆ. 2 ಕಿ.ಮೀ. ಹಿಡಿದಿದ್ದು ಧಾರಾಳತನ ಅಲ್ಲ, ಎಚ್ಚರಿಕೆಯ ಅಂಕಿಯೇ.

ಮೇಲ್ಮೈ ಅಲೆಗಳಾದರೆ ಮಾತು ಬೇರೆ. ಆಳವಾದ, ವಿಶಾಲವಾದ ಮೆಕ್ಕಲು ಬಯಲಿನಲ್ಲಿ ಅವು ನಿಧಾನವಾಗಿ ಅಡ್ಡಕ್ಕೇ ಓಡ್ತವೆ. ಗಂಗೆಯ ಬಯಲಿನಲ್ಲಿ ಉದ್ದದ ಪೈಪ್ ಹಾಕುವವರು ಅದನ್ನು ನೋಡಲೇಬೇಕು. ಒಂದು ಹಳ್ಳದ ದಂಡೆಯ ಹೂಳಿಗೆ ಅದು ಹೊಂದಲ್ಲ.

ಕನ್ನಂಬಾಡಿಗ:
ಇಷ್ಟೆಲ್ಲ ತಿಳಿದವರು ಇದ್ದೀರಿ, ಒಂದು ಕೇಳಲಾ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡ್ತಿದೆ. ಭೂಕಂಪ ಬಂದರೆ ಕೆಆರ್‌ಎಸ್ ಕಟ್ಟೆಯ ಒಂದು ತುದಿ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಿ ಕಟ್ಟೆ ನಡುವೆ ಸೀಳುತ್ತೆ ಅಂತ. ಕಟ್ಟೆ ಎರಡೂವರೆ ಕಿ.ಮೀ.ಗಿಂತ ಉದ್ದ. ನಿಜಾನಾ?

ಹಳೇಸೇತುವೆ:
ಕಟ್ಟೆಯ ಉದ್ದ 2,621 ಮೀಟರ್. ಅಲೆ ಉದ್ದಕ್ಕೂ ಹೋದರೆ, ಸೆಕೆಂಡಿಗೆ ಎರಡೂವರೆ ಕಿ.ಮೀ. ಅಂತ ಹಿಡಿದರೂ, ಈ ತುದಿಯಿಂದ ಆ ತುದಿಗೆ ಒಂದು ಸೆಕೆಂಡ್ ಚಿಲ್ಲರೆ. ಎರಡು ತುದಿ ಬೇರೆ ಬೇರೆ ಅಲುಗುತ್ತವೆ ಅನ್ನೋದು ನಿಜವೇ. ಆದರೆ ಆ ವ್ಯತ್ಯಾಸ ಒಂದೇ ಜಾಗದಲ್ಲಿ ಬಂದು ಕೂರಲ್ಲ, ಎರಡೂವರೆ ಕಿ.ಮೀ. ಉದ್ದಕ್ಕೂ ಹಂಚಿಹೋಗುತ್ತೆ. ಮೀಟರಿಗೆ ಒಂದು ಮಿ.ಮೀ.ನ ಇಪ್ಪತ್ತನೇ ಒಂದು ಪಾಲು ಅಂತ ಆಗಲೇ ಲೆಕ್ಕ ಹಾಕಿದೆವಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಸೆಕೆಂಡಿಗೆ ಒಂದು ಸಲ ತೂಗುವ ಅಲೆ ಅದೇ ವೇಗದಲ್ಲಿ ಓಡಿದರೆ, 1,250 ಮೀಟರ್ ಅಂತರದ ಎರಡು ಜಾಗ ಒಂದಕ್ಕೊಂದು ತದ್ವಿರುದ್ಧ ಹೋಗುತ್ತವೆ. 2,500 ಮೀಟರ್ ಅಂತರದವು ಮತ್ತೆ ಒಟ್ಟಿಗೇ ಹೋಗುತ್ತವೆ! ದೂರ ಜಾಸ್ತಿಯಾದಷ್ಟೂ ವ್ಯತ್ಯಾಸ ಜಾಸ್ತಿ ಅನ್ನೋ ನಿಯಮ ಇಲ್ಲ. ಹೆಚ್ಚೆಂದರೆ ಎರಡರ ಗರಿಷ್ಠ ಕೂಡಿದಷ್ಟು, ಅದಕ್ಕಿಂತ ಮೇಲೆ ಹೋಗಲ್ಲ.

ಇದರರ್ಥ ಕಟ್ಟೆಗೆ ಭೂಕಂಪದಿಂದ ಚಿಂತೆಯೇ ಇಲ್ಲ ಅಂತಲ್ಲ. ನೋಡಬೇಕಾದ ಜಾಗ ಬೇರೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಅಣೆಕಟ್ಟು ಬಿರುಕು ಬಿಟ್ಟಿದ್ದು ತುದಿಗಳು ಎಳೆದಾಡಿ ಅಲ್ಲ. ಕಟ್ಟೆಯೇ ಮುಂದಕ್ಕೂ ಹಿಂದಕ್ಕೂ ತೂಗಿ, ಕೆಳಬದಿಯ ಇಳಿಜಾರು ತಟ್ಟನೆ ಬದಲಾಗುವ ಎತ್ತರದಲ್ಲಿ ಅಡ್ಡ ಬಿರುಕು ಬಂತು.

ಪಾಂಡವಪುರಪ್ಯಾಸೆಂಜರ್:
ಬೇಬಿ ಬೆಟ್ಟದ ಕ್ವಾರಿ ಸಿಡಿತಕ್ಕೂ ಇದೇ ಲೆಕ್ಕ ಹಾಕಬಹುದಾ? ನಮ್ಮೂರಲ್ಲಿ ಇದರದ್ದೇ ಜಗಳ.

ಸಿಗ್ನಲ್‌ಸುಬ್ಬು:
ಸೂತ್ರ ಒಂದೇ, ಅಂಕಿಗಳು ಬೇರೆ. ಸಿಡಿತದ ಅಲೆ ಚುರುಕು. ಉದಾಹರಣೆಗೆ ಸೆಕೆಂಡಿಗೆ 20 ಸಲ ನಡುಗುವ ಅಲೆಯಲ್ಲಿ ನೆಲದ ವೇಗ ಸೆಕೆಂಡಿಗೆ 5 ಮಿ.ಮೀ. ಇದ್ದರೆ ನೆಲ ಸರಿಯೋದು 0.04 ಮಿ.ಮೀ. ಅಷ್ಟೆ. ಕಿಟಕಿ ಗಡಗಡ ಅನ್ನುತ್ತೆ, ಎದೆ ಝಲ್ ಅನ್ನುತ್ತೆ, ಸರಿತ ಕೂದಲೆಳೆಯಷ್ಟೂ ಇಲ್ಲ. ಕ್ವಾರಿ ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ಅದಕ್ಕೆ ಇನ್ನೊಂದು ಎಳೆ ಶುರು ಮಾಡಿ, ಇಲ್ಲಿ ಬೇಡ.

ಗೌಡ್ರಮನೆಹುಡುಗಿ:
ಪೈಪಿಗೆ ವಾಪಸ್ ಬರೋಣ. ಆಕಾರ ಕೆಡುವ ವಿಷಯ ಎಷ್ಟು ಮುಖ್ಯ ಅಂತ ಲೆಕ್ಕ ಹಾಕಿ ನೋಡಿದೆ. ಲೂಕೊ ಮತ್ತು ವಾಂಗ್ 1986ರಲ್ಲಿ ಕೊಟ್ಟ ಸೂತ್ರ ಹಿಡಿದರೆ, 100 ಮೀಟರ್ ಅಂತರಕ್ಕೆ ಸೆಕೆಂಡಿಗೆ ಒಂದು ಸಲ ತೂಗುವ ಅಲೆಯಲ್ಲಿ ಎರಡು ಜಾಗದ ಹೋಲಿಕೆ ಸುಮಾರು 0.98 (1 ಅಂದರೆ ಪೂರ್ತಿ ಹೋಲಿಕೆ). ಸೆಕೆಂಡಿಗೆ ಐದು ಸಲ ಆದರೆ 0.54. ಅಂದರೆ ಚುರುಕಾದ ಅಲೆಯಲ್ಲಿ ಎರಡು ದಂಡೆ ತಮ್ಮ ತಮ್ಮ ಪಾಡಿಗೆ ನಡುಗುತ್ತವೆ, ನಿಧಾನದ ಅಲೆಯಲ್ಲಿ ಜೊತೆಯಾಗೇ ತೂಗುತ್ತವೆ. ನೆಲ ಮಿ.ಮೀ. ಲೆಕ್ಕದಲ್ಲಿ ಸರಿಯೋದು ಮುಖ್ಯವಾಗಿ ನಿಧಾನದ ಅಲೆಯಲ್ಲಿ. ಹಾಗಾಗಿ ಒಂದೇ ನೆಲ ಇದ್ದಿದ್ದರೆ ಈ ಹಳ್ಳಕ್ಕೆ ಇದು ದೊಡ್ಡ ಸಂಗತಿ ಅಲ್ಲ.

ಮಣ್ಣು ಬೇರೆಯಾದಾಗ ಯೂರೋಪಿನ ಭೂಕಂಪ ಕೋಡ್ ಆದ ಯೂರೋಕೋಡ್ 8ರ ಸೇತುವೆ ಭಾಗದ ವಿಧಾನ ಅನುಕೂಲ. ನೆಲದ ಸರಿತ ಬೇಕಾದರೆ 0.025ನ್ನು ನೆಲದ ವೇಗೋತ್ಕರ್ಷ, ಮಣ್ಣಿನ ಗುಣಕ, ಮತ್ತೆ ಆ ಮಣ್ಣಿಗೆ ಕೋಡ್ ಕೊಟ್ಟಿರುವ ಎರಡು ಅವಧಿಗಳಿಂದ ಗುಣಿಸಬೇಕು. ನಮ್ಮ ದೇಶದ ಭೂಕಂಪ ಕೋಡ್ ಐಎಸ್ 1893ರ 2016ರ ಆವೃತ್ತಿಯಲ್ಲಿ ವಲಯ 2ಕ್ಕೆ ಗುರುತ್ವದ 0.10 ಪಾಲು ಇದೆ. ಅದನ್ನು ಅರ್ಧ ಮಾಡದೆ ಪೂರ್ತಿ ಹಿಡಿದೆ. ಬಂಡೆಗೆ 20 ಮಿ.ಮೀ. ಬಂತು. ಹೂಳನ್ನು ಯೂರೋಕೋಡಿನ 'ಡಿ' ವರ್ಗದ ಮೆತ್ತನೆ ಮಣ್ಣು ಅಂದುಕೊಂಡರೆ 54. ಎರಡಕ್ಕೂ ಸಂಬಂಧವೇ ಇಲ್ಲ ಅಂತ ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ 58 ಮಿ.ಮೀ.

ಮಂಡ್ಯಡ್ರಾಯಿಂಗ್:
6 ಹೋಗಿ 58 ಆಯ್ತಾ! ಇದನ್ನು ನೋಡಿದರೆ ಆಫೀಸಿನಲ್ಲಿ ನನ್ನನ್ನೇ ಹಳ್ಳಕ್ಕೆ ತಳ್ತಾರೆ ಮೇಡಂ.

ಹಳೇಸೇತುವೆ:
ತಳ್ಳೋ ಮುಂಚೆ ಬೋರ್ ಲಾಗ್, ಅಂದರೆ ನೆಲ ಕೊರೆದಾಗ ಸಿಕ್ಕ ಪದರಗಳ ಪಟ್ಟಿ, ತೆಗೆದು ನೋಡಿ. ಹೂಳು ಎಷ್ಟು ದಪ್ಪ?

ಮಂಡ್ಯಡ್ರಾಯಿಂಗ್:
ಎಡದಂಡೆಯ ಬೋರಿನಲ್ಲಿ 7 ಮೀಟರಿಗೆ ಗಟ್ಟಿ ಬಂಡೆ ಅಂತ ಬರೆದಿದ್ದಾರೆ. ಅದರ ಮೇಲೆ 2 ಮೀಟರ್ ಕಪ್ಪು ಜೇಡಿ, ಉಳಿದಿದ್ದು ಮರಳು ಬೆರೆತ ಹೂಳು. ಹಳ್ಳದ ನಡುವಿನ ಪಿಯರ್ ಹತ್ತಿರ ಬಂಡೆ 3 ಮೀಟರಿಗೇ ಸಿಕ್ಕಿದೆ.

ಹಳೇಸೇತುವೆ:
ಹಾಗಿದ್ದರೆ 'ಡಿ' ಅಲ್ಲ. ಐದರಿಂದ ಇಪ್ಪತ್ತು ಮೀಟರ್ ದಪ್ಪದ ಮೆತ್ತನೆ ಪದರ ಗಟ್ಟಿ ಬಂಡೆ ಮೇಲೆ ಕೂತಿದ್ದರೆ ಅದು 'ಇ' ವರ್ಗ. ಅದಕ್ಕೆ ಸರಿತ 35 ಮಿ.ಮೀ. ಬಂಡೆಯ 20ರ ಜೊತೆ ಸೇರಿಸಿದರೆ 40. ಮಣ್ಣಿನ ವರ್ಗ ಒಂದು ಅಕ್ಷರ ಬದಲಾಗಿದ್ದಕ್ಕೆ 18 ಮಿ.ಮೀ. ಇಳಿಯಿತು. ಅಲೆಯ ವೇಗ ಎರಡೋ ಎರಡೂವರೆಯೋ ಅಂತ ರಾತ್ರಿಯೆಲ್ಲ ಜಗಳ ಆಡಿದ್ದರೂ ಇಷ್ಟು ವ್ಯತ್ಯಾಸ ಬರ್ತಿರಲಿಲ್ಲ. ಇಂಥ ಕೆಲಸದಲ್ಲಿ ನಾನು ಮೊದಲು ಬೋರ್ ಲಾಗ್ ಕೇಳ್ತೀನಿ, ಸಾಫ್ಟ್‌ವೇರ್ ಆಮೇಲೆ.

ಇನ್ನು ಈ 40ನ್ನು ನಾಲ್ಕು ಅಂಕಣಕ್ಕೆ ಹತ್ತು ಹತ್ತು ಅಂತ ಹಂಚಿಬಿಡಬೇಡಿ. ಬಂಡೆ ಎಲ್ಲಿ ಕೆಳಗಿಳಿದು ಹೂಳು ದಪ್ಪ ಆಗುತ್ತೋ ಅಲ್ಲೇ ಬಹುಪಾಲು ಬಂದು ಬೀಳುತ್ತೆ. ನಿಮ್ಮ ಬೋರ್ ನೋಡಿದರೆ ಅದು ಎಡದಂಡೆಯ ಕೊನೇ ಅಂಕಣ. ಜೊತೆಗೆ ಪಕ್ಕಪಕ್ಕದ ಪಿಯರ್‌ಗಳು ಎದುರುಬದುರು ದಿಕ್ಕಿಗೆ ಸರಿದರೆ ಏನು ಅಂತಲೂ ಯೂರೋಕೋಡ್ ಕೇಳುತ್ತೆ. ಅದನ್ನೂ ಒಂದು ಸಲ ಹಾಕಿ ನೋಡಿ.

ಕೆ‌ಆರ್‌ಮೊಹಲ್ಲಾ:
ವಲಯ 2ರಲ್ಲಿ ಇಷ್ಟು ಬೇಕಾ ಅನ್ನೋದೇ ನನ್ನ ಅನುಮಾನ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರದ್ದು. ಪೂರ್ಣಯ್ಯನವರ ಕಾಲದಲ್ಲಿ ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ ಇಟ್ಟು ಕಟ್ಟಿದ್ದು. ಯಾವ ಲೆಕ್ಕ ಹಾಕಿದ್ದರು?

ಹಳೇಸೇತುವೆ:
ಅದರ ಅಂಕಣಗಳು ಪುಟ್ಟವು. ಒಂದು ಕಂಬಕ್ಕೂ ಪಕ್ಕದ ಕಂಬಕ್ಕೂ ನಡುವೆ ನೆಲದ ವ್ಯತ್ಯಾಸ ಲೆಕ್ಕಕ್ಕೇ ಸಿಗದಷ್ಟು. ದೊಡ್ಡ ಅಂಕಣ ಕಟ್ಟುವವರಿಗೆ ಆ ಭಾಗ್ಯ ಇಲ್ಲ. ಜಪಾನಿನ ಆಕಾಶಿ ಸೇತುವೆಯ ಎರಡು ಗೋಪುರ ಎದ್ದು ನಿಂತಿದ್ದಾಗ 1995ರ ಕೋಬೆ ಭೂಕಂಪ ಬಂತು. ಅವುಗಳ ನಡುವಿನ ಅಂತರ 1,990 ಮೀಟರ್ ಇದ್ದದ್ದು 1,991 ಆಯಿತು. ತೊಲೆಗಳನ್ನು ಇನ್ನೂ ಏರಿಸಿರಲಿಲ್ಲ, ಹಾಗಾಗಿ ವಿನ್ಯಾಸ ತಿದ್ದಿ ಮುಂದುವರಿದರು.

1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ ಸೇತುವೆಯಲ್ಲಿ ಅಂಥ ಅದೃಷ್ಟ ಇರಲಿಲ್ಲ. ಬೋಲ್ಟ್ ಕತ್ತರಿಸಿಹೋಗಿ, ತೊಲೆ ಕೂತಿದ್ದ ಕಿರಿದಾದ ಅಂಚಿನಿಂದ ಜಾರಿ, ಮೇಲಿನ ರಸ್ತೆಯ 15 ಮೀಟರ್ ತುಂಡು ಕೆಳಗಿನ ರಸ್ತೆ ಮೇಲೆ ಬಿತ್ತು. ಕೂರುವ ಅಂಚು ಅಗಲ ಮಾಡೋದಕ್ಕೆ ಆಗೋ ಖರ್ಚು ನಾಲ್ಕು ಬುಟ್ಟಿ ಕಾಂಕ್ರೀಟ್. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘ ಆಶ್ಟೋದ ಸೂತ್ರದಲ್ಲಿ ಕಡಿಮೆ ಭೂಕಂಪದ ಜಾಗಕ್ಕೂ 30 ಮೀಟರ್ ಅಂಕಣ, 8 ಮೀಟರ್ ಪಿಯರ್ ಇದ್ದರೆ ಸುಮಾರು 305 ಮಿ.ಮೀ. ಅಂಚು ಬೇಕು. 40 ಮಿ.ಮೀ.ಗೆ 305 ಯಾಕೆ ಅಂದರೆ, ನೆಲದ ಲೆಕ್ಕ ಯಾವತ್ತೂ ಅಂದಾಜೇ, ಮೇಲೆ ಪಿಯರ್ ತಾನೇ ತೂಗುವುದೂ ಇದೆ.

ಗೌಡ್ರಮನೆಹುಡುಗಿ:
ಸಾರ್ ಕೊನೇ ಸಾಲಿನಲ್ಲಿ ಹೇಳಿದ್ದನ್ನು ಒಂದು ಚೂರು ಬಿಡಿಸ್ತೀನಿ. ಈ 40 ಮಿ.ಮೀ. ಬರೀ ನೆಲದ್ದು. ಪಿಯರ್ ಮತ್ತು ಪೈಪ್ ತಮ್ಮ ತೂಕಕ್ಕೆ ತೂಗುವುದನ್ನು ಬೇರೆಯಾಗಿ ಲೆಕ್ಕ ಹಾಕಿ, ಎರಡನ್ನೂ ವರ್ಗ ಮಾಡಿ ಕೂಡಿ ಮೂಲ ತೆಗೆಯಿರಿ. ಬಿಸಿಲಿನದ್ದೂ ಇದೆ. 120 ಮೀಟರ್ ಉಕ್ಕು 30 ಡಿಗ್ರಿ ಏರಿಳಿದರೆ 43 ಮಿ.ಮೀ. ಹಿಗ್ಗುತ್ತೆ. ಭೂಕಂಪದ ಜೊತೆ ಅದರ ಅರ್ಧ ಸೇರಿಸಿದರೆ ಸಾಕು. ಮಂಡ್ಯದ ಏಪ್ರಿಲ್ ಬಿಸಿಲು ಭೂಕಂಪಕ್ಕೆ ಸಮ ಅಂತ ಆಫೀಸಿನಲ್ಲಿ ಹೇಳಿ, ಆಗ ಒಪ್ಪಬಹುದು.

ಮಂಡ್ಯಡ್ರಾಯಿಂಗ್:
ಹೇಳಿದೆ ಮೇಡಂ, ನಕ್ಕರು, ಆದರೆ ಒಪ್ಪಿದರು. ಒಂದು ಸಲಹೆಯೂ ಬಂತು: 7 ಮೀಟರ್ ತಾನೆ, ಎಡದಂಡೆಯ ಆಧಾರವನ್ನೂ ಬಂಡೆಗೇ ಇಳಿಸಿಬಿಡೋಣ ಅಂತ. ಆಗ ಐದು ಆಧಾರಗಳೂ ಬಂಡೆ ಮೇಲೆ. ವ್ಯತ್ಯಾಸ ಮತ್ತೆ 6 ಮಿ.ಮೀ.ಗೆ ಇಳಿಯುತ್ತೆ ಅಲ್ವಾ? ಹಾಗಾದರೆ ಪೈಪ್ ಸರಿಯಲು, ಬಾಗಲು ಬಿಡುವ ದುಬಾರಿ ಜಾಯಿಂಟ್ ತೆಗೆದುಹಾಕಬಹುದಾ?

ಹಳೇಸೇತುವೆ:
ಬಂಡೆಗೆ ಇಳಿಸೋದು ಒಳ್ಳೇ ತೀರ್ಮಾನ. ಮೇಲಿನ ಪೈಪಿಗೆ ಯೂರೋಕೋಡ್ ಲೆಕ್ಕದಲ್ಲೂ 6 ಮಿ.ಮೀ. ಹತ್ತಿರವೇ ಬರುತ್ತೆ. ಜಾಯಿಂಟ್ ಮಾತ್ರ ತೆಗೆಯಬೇಡಿ. ದಂಡೆ ದಾಟಿದ ಮೇಲೆ ಪೈಪ್ ಎಲ್ಲಿಗೆ ಹೋಗುತ್ತೆ? ಅದೇ ಹೂಳಿನೊಳಗೆ. ಆಧಾರ ಬಂಡೆಯ ಜೊತೆ ಅಲುಗುತ್ತೆ, ಹೂತ ಪೈಪ್ ಹೂಳಿನ ಜೊತೆ ಅಲುಗುತ್ತೆ. ಮೊದಲು 30 ಮೀಟರಿನಲ್ಲಿ ಬರ್ತಿದ್ದ ವ್ಯತ್ಯಾಸ ಈಗ ದಂಡೆಯ ಆಧಾರದ ಗೋಡೆಯಿಂದ ಪೈಪ್ ನೆಲಕ್ಕೆ ಇಳಿಯುವ ಒಂದೆರಡು ಮೀಟರಿನಲ್ಲಿ ಬರುತ್ತೆ. ಪೈಪ್ ಮುರಿಯೋದಾದರೆ ಅಲ್ಲೇ.

ಗೌಡ್ರಮನೆಹುಡುಗಿ:
ಅಲ್ಲಿ ಪೈಪನ್ನು ಕಾಂಕ್ರೀಟ್ ಗೋಡೆಗೆ ಬಿಗಿಯಾಗಿ ಕಟ್ಟಬೇಡಿ, ಸುತ್ತ ಸ್ಲೀವ್ (ಅಗಲವಾದ ಹೊರಕೊಳವೆ) ಬಿಡಿ. ಒಂದು ಜಾಯಿಂಟ್ ಉದ್ದಕ್ಕೆ ಎಳೆದಾಟ ತಾಳಿಕೊಳ್ಳುತ್ತೆ, ಅಡ್ಡಕ್ಕೆ ಸರಿದರೆ ತಾಳಲ್ಲ. ಎರಡು ಬಾಗುವ ಜಾಯಿಂಟ್ ಹಾಕಿ ನಡುವೆ 2 ಮೀಟರ್ ತುಂಡು ಪೈಪ್ ಇಟ್ಟರೆ, 40 ಮಿ.ಮೀ. ಅಡ್ಡ ಸರಿದಾಗ ಒಂದೊಂದೂ ಒಂದು ಡಿಗ್ರಿಗಿಂತ ಚೂರು ಜಾಸ್ತಿ ಬಾಗುತ್ತೆ ಅಷ್ಟೆ.

ಮಂಡ್ಯಡ್ರಾಯಿಂಗ್:
ಸರಿ, ಎಡದಂಡೆಗೆ ಜೋಡಿ ಜಾಯಿಂಟ್, ಬಲದಂಡೆಗೆ ಬಿಸಿಲಿನ ಹಿಗ್ಗು ತಾಳಿಕೊಳ್ಳುವ ಒಂದು. ಡ್ರಾಯಿಂಗ್ ತಿದ್ದುತ್ತಿದ್ದೇನೆ. ಜಾಯಿಂಟ್ ಕೊಳ್ಳುವಾಗ ಏನು ನೋಡಬೇಕು?

ಹಳೇಸೇತುವೆ:
ತಯಾರಕರ ಹಾಳೆಯಲ್ಲಿ ಎಷ್ಟು ಡಿಗ್ರಿ ಬಾಗುತ್ತೆ ಅಂತ ಇರುತ್ತಲ್ಲ, ಅದು ಒಳಗೆ ನೀರಿನ ಒತ್ತಡ ಇದ್ದಾಗಿನ ಅಂಕಿಯೋ, ಖಾಲಿ ಇದ್ದಾಗಿನದೋ ಕೇಳಿ. ಒತ್ತಡಕ್ಕೆ ಜಾಯಿಂಟ್ ಬಿಚ್ಚಿಕೊಳ್ಳದಂತೆ ಟೈ ರಾಡ್ (ಎರಡು ಬದಿಯನ್ನು ಹಿಡಿದಿಡುವ ಸರಳು) ಬೇಕು. ಆದರೆ ರಾಡಿನ ನಟ್ ಪೂರ್ತಿ ಬಿಗಿಸಿಬಿಟ್ಟರೆ ಜಾಯಿಂಟ್ ಹಾಕಿಯೂ ಹಾಕದಂತೆ. ಎಷ್ಟು ಸಡಿಲ ಬಿಡಬೇಕು ಅಂತ ಡ್ರಾಯಿಂಗಿನಲ್ಲೇ ಮಿ.ಮೀ.ನಲ್ಲಿ ಬರೆದುಬಿಡಿ, ಫಿಟ್ಟರ್ ತನ್ನ ಅಂದಾಜಿನಲ್ಲಿ ಬಿಗಿಸೋದು ಬೇಡ.